ವೇಷ ಕಳಚದ ಹುಡುಗಿ

ಲಂಡನ್ನಿನ ಫ್ಲೀಟ್ ಬೀದಿಯಿಂದ ಥೇಮ್ಸ್ ನದಿಯ ಕಡೆಗೆ ಇಳಿಯುವ ಇಕ್ಕಟ್ಟಿನ ಓಣಿ. ಫೆಬ್ರವರಿಯ ಚಳಿ ಮೂಳೆಗೆ ಇಳಿಯುತ್ತಿದೆ. 1602ನೇ ಇಸವಿ, ತಿಂಗಳ ಎರಡನೆಯ ದಿನ. ಇಲ್ಲಿಯವರ ಲೆಕ್ಕದಲ್ಲಿ ಇನ್ನೂ 1601. ಇವರಿಗೆ ಹೊಸ ವರ್ಷ ಹುಟ್ಟುವುದು ಮಾರ್ಚ್ 25ಕ್ಕೆ. ಇವತ್ತು ಕ್ಯಾಂಡಲ್‌ಮಸ್, ಮೇರಿ ಮಾತೆಯ ಹೆಸರಿನ ದೀಪದ ಹಬ್ಬ. ಕ್ರಿಸ್ಮಸ್ಸಿನಿಂದ ನಡೆದುಬಂದ ಔತಣ, ಕುಣಿತ, ಹುಡುಗಾಟಗಳಿಗೆಲ್ಲ ಇದು ಕಡೆಯ ರಾತ್ರಿ. ನಾಳೆಯಿಂದ ಮತ್ತೆ ಪುಸ್ತಕ, ಕೋರ್ಟು, ಕಟ್ಟಲೆ.

ನಿಮ್ಮ ಮುಂದೆ ಹೋಗುತ್ತಿರುವ ಯುವಕರ ಹಿಂದೆಯೇ ಒಳಗೆ ಬನ್ನಿ. ಇದು ಮಿಡಲ್ ಟೆಂಪಲ್, ಇಂಗ್ಲೆಂಡಿನ ವಕೀಲರನ್ನು ತಯಾರು ಮಾಡುವ ನಾಲ್ಕು ಸಂಸ್ಥೆಗಳಲ್ಲೊಂದು. ಸಭಾಂಗಣದ ಹೊಸ್ತಿಲು ದಾಟಿದ ಕೂಡಲೇ ಕತ್ತು ತಾನಾಗಿ ಮೇಲೇಳುತ್ತದೆ. ಸುಮಾರು 100 ಅಡಿ ಉದ್ದ, 40 ಅಡಿ ಅಗಲ. ನಡುವೆ ಒಂದು ಕಂಬವೂ ಇಲ್ಲ. ಓಕ್ ಮರದ ತೊಲೆಗಳು ಎರಡೂ ಗೋಡೆಗಳಿಂದ ಹಂತಹಂತವಾಗಿ ಚಾಚಿಕೊಂಡು ಚಾವಣಿಯ ಅಷ್ಟೂ ಭಾರವನ್ನು ಹೊತ್ತಿವೆ. ಒಂದು ತುದಿಯಲ್ಲಿ ಹಿರಿಯ ನ್ಯಾಯವಾದಿಗಳ ಉದ್ದನೆಯ ಮೇಜು. ಇನ್ನೊಂದು ತುದಿಯಲ್ಲಿ ಕೆತ್ತನೆಯ ಮರದ ಗೋಡೆ, ಅದರಲ್ಲಿ ಎರಡು ಬಾಗಿಲು, ಮೇಲೊಂದು ಅಟ್ಟ. ಊಟದ ತಟ್ಟೆಗಳು ಬರುವುದೂ ಹೋಗುವುದೂ ಆ ಬಾಗಿಲುಗಳಿಂದಲೇ. ಇವತ್ತು ರಾತ್ರಿ ಅವುಗಳಿಂದ ಒಂದು ಇಡೀ ದೇಶ ಹೊರಬರಲಿದೆ.

ಪರದೆ ಇಲ್ಲ, ಏರಿಸಿ ಕಟ್ಟಿದ ದೊಡ್ಡ ರಂಗವೂ ಇಲ್ಲ. ಮೇಣದ ದೀಪಗಳು ನಟರಿಗೂ ನಿಮಗೂ ಒಂದೇ ಬೆಳಕು ಕೊಡುತ್ತಿವೆ. ಯಾರು ನಕ್ಕರು, ಯಾರು ಮುಖ ಕೆಂಪಾಗಿಸಿಕೊಂಡರು, ಎಲ್ಲ ಎಲ್ಲರಿಗೂ ಕಾಣುತ್ತದೆ. ಬೆಂಚುಗಳ ಮೇಲೆ ಒತ್ತಿಕೊಂಡು ಕೂತವರನ್ನು ನೋಡಿ: ಜಮೀನುದಾರರ ಮಕ್ಕಳು, ವ್ಯಾಪಾರಿಗಳ ಮಕ್ಕಳು, ಮಾತಿನಲ್ಲಿ ಎದುರಾಳಿಯನ್ನು ಕೆಡವುವುದನ್ನೇ ವಿದ್ಯೆಯಾಗಿ ಕಲಿಯುತ್ತಿರುವವರು. ಈ ಸಂಸ್ಥೆಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುವುದಿಲ್ಲ. ನಿಮ್ಮ ಪಕ್ಕದಲ್ಲಿರುವವನು ಜಾನ್ ಮ್ಯಾನಿಂಗ್‌ಹ್ಯಾಮ್. ಕೇಳಿದ್ದು, ಕಂಡದ್ದು, ಚರ್ಚಿನ ಉಪದೇಶ, ಊರ ಹರಟೆ ಎಲ್ಲವನ್ನೂ ದಿನಚರಿಯಲ್ಲಿ ಗೀಚಿಡುವ ಅಭ್ಯಾಸದ ವಿದ್ಯಾರ್ಥಿ. ಈ ರಾತ್ರಿ ಇಲ್ಲಿ ಷೇಕ್ಸ್‌ಪಿಯರನ ನಾಟಕ ಟ್ವೆಲ್ತ್ ನೈಟ್ ನಡೆಯಿತೆಂದು ನಮಗೆ ಗೊತ್ತಿರುವುದು ಅವನ ಆ ಅಭ್ಯಾಸದಿಂದಲೇ. ನಾಟಕದ ಪ್ರದರ್ಶನದ ಬಗ್ಗೆ ಸಿಕ್ಕಿರುವ ಮೊದಲ ದಾಖಲೆ ಅವನದು.

ಅಟ್ಟದ ಮೇಲೆ ವಾದ್ಯ ಮೊಳಗುತ್ತದೆ. ಎಡಗಡೆಯ ಬಾಗಿಲಿನಿಂದ ಒರ್ಸಿನೋ ಬರುತ್ತಾನೆ, ಇಲಿರಿಯಾದ ಒಡೆಯ. ಸಂಗೀತ ಬೇಕು ಎನ್ನುತ್ತಾನೆ, ಎರಡು ನಿಮಿಷಕ್ಕೆ ಸಾಕು ಎನ್ನುತ್ತಾನೆ. ಒಲಿವಿಯಾ ಎಂಬ ಶ್ರೀಮಂತೆಯನ್ನು ಪ್ರೀತಿಸುತ್ತಿದ್ದೇನೆ ಎಂದು ಅವನ ಕೊರಗು. ಆದರೆ ಅವಳ ಮನೆಗೆ ತಾನು ಹೋಗುವುದಿಲ್ಲ, ಆಳುಗಳನ್ನು ಕಳಿಸುತ್ತಾನೆ. ಅವರು ಬಾಗಿಲಿನಿಂದಲೇ ವಾಪಸು ಬರುತ್ತಾರೆ: ತೀರಿಹೋದ ಅಣ್ಣನ ನೆನಪಿನಲ್ಲಿ ಏಳು ವರ್ಷ ಮುಸುಕು ಹಾಕಿಕೊಂಡು ಅಳುತ್ತೇನೆಂದು ಆಕೆ ಪಣ ತೊಟ್ಟಿದ್ದಾಳೆ. ಇದನ್ನು ಕೇಳಿದ ಒರ್ಸಿನೋಗೆ ಬೇಸರವಿಲ್ಲ, ಹಿಗ್ಗು. ಅಣ್ಣನಿಗೇ ಇಷ್ಟು ಅಳುವವಳು ಗಂಡನನ್ನು ಇನ್ನೆಷ್ಟು ಪ್ರೀತಿಸಿಯಾಳು ಎಂದು ಲೆಕ್ಕ ಹಾಕುತ್ತ ಹೂವಿನ ಹಾಸಿಗೆಯ ಕಡೆಗೆ ಹೊರಡುತ್ತಾನೆ. ಪ್ರೇಮಿಯಾಗಿರುವ ತನ್ನ ಚಿತ್ರವನ್ನೇ ಪ್ರೀತಿಸುವ ಗಂಡಸು ಅವನು. ಬೆಂಚಿನ ಮೇಲಿರುವ ಎಷ್ಟೋ ಹುಡುಗರು ಇಂಥ ಸಾಲುಗಳನ್ನು ತಾವೂ ಬರೆದಿದ್ದಾರೆ. ಅವರು ನಗದೆ ಕೇಳುತ್ತಾರೆ.

ಈಗ ಇನ್ನೊಂದು ಬಾಗಿಲು. ಸಮುದ್ರದಲ್ಲಿ ಹಡಗು ಒಡೆದು ದಡ ಸೇರಿದ ಹುಡುಗಿ, ಜೊತೆಗೊಬ್ಬ ಹಡಗಿನ ಕ್ಯಾಪ್ಟನ್. ಅವಳು ವಯೋಲಾ. ಅವಳಿ ಸೋದರ ಸೆಬಾಸ್ಟಿಯನ್ ಮುಳುಗಿದನೆಂದೇ ಅವಳ ಅಂದಾಜು. ಗೊತ್ತಿಲ್ಲದ ದೇಶದಲ್ಲಿ ಒಂಟಿ ಹುಡುಗಿ ಏನು ಮಾಡಬೇಕು? ಅವಳು ಬಹಳ ಯೋಚಿಸುವುದಿಲ್ಲ. ಗಂಡುಬಟ್ಟೆ ತರಿಸಿಕೊಡು, ಒರ್ಸಿನೋನ ಬಳಿ ಕೆಲಸಕ್ಕೆ ಸೇರುತ್ತೇನೆ ಎಂದು ಕ್ಯಾಪ್ಟನ್ನನ ಕೈಗೆ ಹಣ ಇಡುತ್ತಾಳೆ. ತನ್ನ ಹೆಣ್ಣುಬಟ್ಟೆಯನ್ನು ಅವನ ವಶಕ್ಕೆ ಕೊಡುತ್ತಾಳೆ. ಆ ಬಟ್ಟೆಯ ಗಂಟನ್ನು ನೆನಪಿಟ್ಟುಕೊಳ್ಳಿ.

ವಯೋಲಾ ಆಗಿ ನಿಂತಿರುವುದು ಒಬ್ಬ ಹುಡುಗ. ಇಟಲಿಯಲ್ಲಿ ಇಸಾಬೆಲ್ಲಾ ಆಂಡ್ರೆಯಿನಿಯಂಥ ನಟಿಯರು ಹೆಸರು ಮಾಡಿರುವ ಕಾಲವಿದು. ಆದರೆ ಇಂಗ್ಲೆಂಡಿನ ವೃತ್ತಿರಂಗಕ್ಕೆ ಹೆಣ್ಣು ಕಾಲಿಡುವುದು 1660ರಲ್ಲಿ, ಇನ್ನೂ 58 ವರ್ಷ ಕಳೆದ ಮೇಲೆ. ಅಲ್ಲಿಯವರೆಗೆ ಎಲ್ಲ ನಾಯಕಿಯರೂ ಹಿರಿಯ ನಟರ ಕೈಕೆಳಗೆ ಕೆಲಸ ಕಲಿಯುವ ಹುಡುಗರೇ. ನಮ್ಮ ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ: ನಡಿಗೆ, ಕಣ್ಣು, ಕುತ್ತಿಗೆಯ ಬಳುಕು ಸರಿಯಾಗಿ ಕೂತರೆ ಒಳಗಿರುವವನನ್ನು ಸಭೆ ಮರೆಯುತ್ತದೆ. ಇಲ್ಲಿ ಷೇಕ್ಸ್‌ಪಿಯರ್ ಅದರ ಮೇಲೆ ಇನ್ನೊಂದು ಪದರ ಹಾಕಿದ್ದಾನೆ. ಹುಡುಗ ಹುಡುಗಿಯಾಗಿದ್ದಾನೆ, ಆ ಹುಡುಗಿ ಸೆಸಾರಿಯೋ ಎಂಬ ಹುಡುಗನಾಗುತ್ತಾಳೆ. ಮುಂದಿನ ದೃಶ್ಯವೊಂದರಲ್ಲಿ ಒರ್ಸಿನೋ ಈ ಹೊಸ ಸೇವಕನ ತುಟಿಯನ್ನೂ ದನಿಯನ್ನೂ ಮೆಚ್ಚಿ, ನಿನ್ನಲ್ಲಿ ಎಲ್ಲವೂ ಹೆಣ್ಣಿನ ಹಾಗಿದೆ ಎಂದಾಗ ಸಭಾಂಗಣದ ಒಂದು ಮೂಲೆಯಿಂದ ನಗು ಎದ್ದು ಮತ್ತೊಂದು ಮೂಲೆಗೆ ಹರಡುತ್ತದೆ. ಅವನ ಮಾತು ಮೂರು ಪದರಗಳಲ್ಲಿ ಯಾವುದಕ್ಕೆ ತಾಗಿತು ಎಂದು ಯಾರು ಹೇಳಬೇಕು?

ಊರಿನ ಚರ್ಚುಗಳಲ್ಲಿ ಈ ವೇಷವೇ ಪಾಪ. ಗಂಡು ಹೆಣ್ಣಿನ ಬಟ್ಟೆಯನ್ನು, ಹೆಣ್ಣು ಗಂಡಿನ ಬಟ್ಟೆಯನ್ನು ತೊಡಬಾರದೆಂದು ಬೈಬಲ್ಲಿನ ಧರ್ಮೋಪದೇಶಕಾಂಡ ಹೇಳುತ್ತದೆ. ನಾಟಕದ ವಿರೋಧಿಗಳು ಅದನ್ನು ಮತ್ತೆ ಮತ್ತೆ ಎತ್ತಿ ಆಡುತ್ತಾರೆ. ಫಿಲಿಪ್ ಸ್ಟಬ್ಸ್ ಎಂಬಾತ 1583ರಲ್ಲಿ ಕಾಲದ ಕೆಡುಕುಗಳನ್ನೆಲ್ಲ ಪಟ್ಟಿ ಮಾಡಿ ಒಂದು ಪುಸ್ತಕವನ್ನೇ ಬರೆದಿದ್ದಾನೆ. ಗಂಡಿನ ಅಂಗಿ ತೊಟ್ಟು ಓಡಾಡುವ ಹೆಂಗಸರ ಮೇಲೂ ನಾಟಕಶಾಲೆಗಳ ಮೇಲೂ ಅದರಲ್ಲಿ ಬೆಂಕಿ ಕಾರಿದ್ದಾನೆ. ರಾಣಿ ಎಲಿಜಬೆತ್ 1597ರಲ್ಲಿ ಹೊರಡಿಸಿದ ಆಜ್ಞೆ, ಯಾವ ಅಂತಸ್ತಿನವರು ಯಾವ ಬಟ್ಟೆ ಉಡಬಹುದು ಎಂದು ಮತ್ತೊಮ್ಮೆ ಗೆರೆ ಎಳೆದಿದೆ. ಈ ಸಮಾಜದಲ್ಲಿ ಬಟ್ಟೆ ಎಂದರೆ ಮೈಮೇಲಿನ ಕಾನೂನು. ಅದನ್ನು ಬಲ್ಲ ವಕೀಲರ ಎದುರಿಗೇ ಒಬ್ಬ ಹುಡುಗಿ ಅಂಗಿ ಬದಲಿಸಿಕೊಂಡು ನಿಂತಿದ್ದಾಳೆ.

ಸೆಸಾರಿಯೋ ಕೆಲಸಕ್ಕೆ ಸೇರಿ ಮೂರೇ ದಿನ. ಅಷ್ಟರಲ್ಲಿ ಒರ್ಸಿನೋ ತನ್ನ ಮನಸ್ಸಿನ ಗುಟ್ಟನ್ನೆಲ್ಲ ಅವನ ಮುಂದೆ ಬಿಚ್ಚಿಟ್ಟಿದ್ದಾನೆ. ಒಲಿವಿಯಾಳ ಬಳಿ ನೀನೇ ಹೋಗು, ಬಾಗಿಲಲ್ಲಿ ಬೇರುಬಿಟ್ಟು ನಿಲ್ಲು ಎಂದು ಕಳಿಸುತ್ತಾನೆ. ಹೊರಡುವ ಮುಂಚೆ ವಯೋಲಾ ನಮ್ಮ ಕಡೆ ತಿರುಗಿ ಒಂದೇ ಮಾತು ಹೇಳುತ್ತಾಳೆ: ಯಾರನ್ನು ಒಲಿಸಲು ಹೋದರೂ ಇವನ ಹೆಂಡತಿಯಾಗುವ ಆಸೆ ತನಗೇ ಎಂದು. ಸಭಾಂಗಣ ಒಂದು ಕ್ಷಣ ಮೌನವಾಗುತ್ತದೆ. ಈಗ ಅವಳು ತನ್ನ ಎದುರುಪಕ್ಷದ ವಕೀಲೆ.

ಒಲಿವಿಯಾಳ ಮನೆ. ಕಪ್ಪು ಬಟ್ಟೆ, ಕಪ್ಪು ಮುಸುಕು. ಅಪ್ಪ ಸತ್ತಿದ್ದಾನೆ, ಅಣ್ಣ ಸತ್ತಿದ್ದಾನೆ. ಮನೆ, ಆಸ್ತಿ, ಆಳುಕಾಳು ಎಲ್ಲಕ್ಕೂ ಅವಳೇ ಒಡತಿ. ಅವಳು ಒರ್ಸಿನೋನನ್ನು ಯಾಕೆ ಒಲ್ಲಳು ಎಂಬುದಕ್ಕೆ ನೆಂಟ ಸರ್ ಟೋಬಿ ಆಗಲೇ ಸುಳಿವು ಕೊಟ್ಟಿದ್ದಾನೆ: ಅಂತಸ್ತಿನಲ್ಲಿ, ವಯಸ್ಸಿನಲ್ಲಿ, ಬುದ್ಧಿಯಲ್ಲಿ ತನಗಿಂತ ಮೇಲಿನವನನ್ನು ಆಕೆ ಕಟ್ಟಿಕೊಳ್ಳುವುದಿಲ್ಲವಂತೆ. ಇದರ ಅರ್ಥ ಇಲ್ಲಿರುವ ವಕೀಲರಿಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತು. ಇಂಗ್ಲೆಂಡಿನ ಕಾನೂನಿನಲ್ಲಿ ಮದುವೆಯಾದ ಹೆಣ್ಣಿನ ವ್ಯಕ್ತಿತ್ವ ಗಂಡನಲ್ಲಿ ಕರಗಿಹೋಗುತ್ತದೆ. ಅವಳ ಚರ ಸೊತ್ತು ಅವನದು, ಜಮೀನಿನ ಆಡಳಿತ ಅವನದು, ಕರಾರಿಗೆ ಅವಳ ಸಹಿ ನಡೆಯದು. ಒಲಿವಿಯಾಳ ನಿರಾಕರಣೆಯ ಹಿಂದೆ ದುಃಖವಿದೆ, ಅದರ ಜೊತೆಗೆ ಎಚ್ಚರವೂ ಇದೆ. ಮ್ಯಾನಿಂಗ್‌ಹ್ಯಾಮ್ ಆಕೆಯನ್ನು ವಿಧವೆ ಎಂದು ಬರೆದಿಡುತ್ತಾನೆ. ಕಪ್ಪು ಬಟ್ಟೆ ಅವನ ಕಣ್ಣನ್ನು ಮೋಸಗೊಳಿಸಿರಬಹುದು. ಆದರೆ ಸ್ವತಂತ್ರವಾಗಿ ಮನೆ ಆಳುವ ಹೆಂಗಸನ್ನು ಕಂಡರೆ ಕಾನೂನು ಓದಿದವನ ತಲೆಗೆ ಮೊದಲು ಹೊಳೆಯುವುದು ವಿಧವೆಯೇ. ಮದುವೆಯಾಗದ, ಯಾರ ಅಂಕೆಯಲ್ಲೂ ಇಲ್ಲದ ಹುಡುಗಿ ಅಷ್ಟು ಅಪರೂಪ.

ಸೆಸಾರಿಯೋ ಬಾಯಿಪಾಠ ಮಾಡಿಕೊಂಡು ಬಂದ ಭಾಷಣ ಶುರುಮಾಡುತ್ತಾನೆ. ಕಷ್ಟಪಟ್ಟು ಕಲಿತಿದ್ದೇನೆ, ಕೇಳಿಬಿಡಿ ಎಂದು ಅಂಗಲಾಚುತ್ತಾನೆ. ಎದುರಿಗಿರುವ ವಿದ್ಯಾರ್ಥಿಗಳು ಬಿದ್ದು ಬಿದ್ದು ನಗುತ್ತಾರೆ, ಅವರ ದಿನದ ಪಾಡೇ ಇದು. ಒಲಿವಿಯಾ ಮುಸುಕು ಸರಿಸುತ್ತಾಳೆ. ಈ ಚೆಲುವಿಗೆ ಒಂದು ಪ್ರತಿಯನ್ನಾದರೂ ಜಗತ್ತಿಗೆ ಬಿಟ್ಟುಹೋಗಿ ಎಂದು ಸೆಸಾರಿಯೋ ಕೇಳಿದರೆ, ಅದಕ್ಕೇನು, ದಾಸ್ತಾನಿನ ಪಟ್ಟಿ ಮಾಡಿ ಉಯಿಲಿಗೆ ಲಗತ್ತಿಸುತ್ತೇನೆ ಎಂದು ತುಟಿ, ಕಣ್ಣು, ಗದ್ದಗಳನ್ನು ಬಾಬತ್ತು ಬಾಬತ್ತಾಗಿ ಎಣಿಸುತ್ತಾಳೆ. ಉಯಿಲು ಬರೆಯುವ ಕಸುಬಿನವರ ನಡುವೆ ಈ ಮಾತು ಪಟಾಕಿಯ ಸರ. ಗಂಡಸರ ಕವಿತೆಗಳು ಹೆಣ್ಣನ್ನು ಅಂಗಾಂಗವಾಗಿ ಹಂಚಿ ಹೊಗಳುವ ರೀತಿಯನ್ನು ಅವಳು ಅದರ ನಿಜರೂಪದಲ್ಲೇ, ಸರಕಿನ ಪಟ್ಟಿಯಾಗಿ, ವಾಪಸು ಕೊಟ್ಟಿದ್ದಾಳೆ.

ಆಮೇಲೆ ದೃಶ್ಯದ ಗಾಳಿ ಬದಲಾಗುತ್ತದೆ. ನನ್ನ ಒಡೆಯನಷ್ಟು ಪ್ರೀತಿ ನನಗಿದ್ದಿದ್ದರೆ ನಿಮ್ಮ ನಿರಾಕರಣೆ ನನಗೆ ಅರ್ಥವೇ ಆಗುತ್ತಿರಲಿಲ್ಲ ಎನ್ನುತ್ತಾನೆ ಸೆಸಾರಿಯೋ. ಹಾಗಾದರೆ ನೀನೇನು ಮಾಡುತ್ತಿದ್ದೆ ಎಂದು ಒಲಿವಿಯಾ ಕೇಳುತ್ತಾಳೆ. ಬಾಯಿಪಾಠದ ಕಾಗದ ಅಲ್ಲಿಗೆ ಮುಗಿಯಿತು. ನಿಮ್ಮ ಬಾಗಿಲಲ್ಲೇ ಗುಡಿಸಲು ಕಟ್ಟಿಕೊಳ್ಳುತ್ತಿದ್ದೆ, ನಡುರಾತ್ರಿಯಲ್ಲೂ ಹಾಡುತ್ತಿದ್ದೆ, ಬೆಟ್ಟಗಳಿಗೆ ಕೇಳುವಂತೆ ನಿಮ್ಮ ಹೆಸರು ಕೂಗುತ್ತಿದ್ದೆ ಎಂದು ಹುಡುಗನ ದನಿ ಏರುತ್ತದೆ. ಇದು ಒರ್ಸಿನೋನ ಸಂದೇಶವಲ್ಲವೆಂದು ನಿಮಗೆ ಗೊತ್ತಿದೆ. ಒಲಿವಿಯಾಳ ಹೆಸರಿಟ್ಟುಕೊಂಡು ವಯೋಲಾ ಒರ್ಸಿನೋಗೆ ಹೇಳಲಾಗದ್ದನ್ನು ಹೇಳುತ್ತಿದ್ದಾಳೆ. ಹೆಣ್ಣಾಗಿ ಅವಳು ಹೀಗೆ ಕೂಗುವ ಹಾಗಿಲ್ಲ. ಆ ಕಾಲದ ಮರ್ಯಾದೆಯಲ್ಲಿ ಪ್ರೀತಿಯನ್ನು ಮೊದಲು ಬಾಯಿಬಿಡುವುದು ಗಂಡಿನ ಪಾಲು, ಕಾಯುವುದು ಹೆಣ್ಣಿನ ಪಾಲು. ಗಂಡಿನ ಅಂಗಿ ಅವಳಿಗೆ ಆ ದನಿ ಕೊಟ್ಟಿದೆ. ಒಲಿವಿಯಾ ಒಂದೇ ಒಂದು ಮೆಚ್ಚುಗೆಯ ಮಾತಾಡುತ್ತಾಳೆ, ಅಷ್ಟರಲ್ಲಿ ಸೋತಿದ್ದಾಳೆ. ಅಂಗಾಂಗಗಳ ಹೊಗಳಿಕೆಗೆ ಬಗ್ಗದವಳು ಹೃದಯದಿಂದ ಬಂದ ಮಾತಿಗೆ ಬಗ್ಗಿದಳು. ಏಳು ವರ್ಷದ ಪಣ ಒಂದು ಭೇಟಿಗೆ ಮುರಿಯಿತು.

ಸೆಸಾರಿಯೋ ಬಿಟ್ಟುಹೋದನೆಂಬ ನೆಪ ಹೇಳಿ ಅವಳು ಉಂಗುರವೊಂದನ್ನು ಹಿಂದೆಯೇ ಕಳಿಸುತ್ತಾಳೆ. ಅದನ್ನು ನೆಲದಿಂದ ಎತ್ತಿಕೊಳ್ಳುತ್ತಾ ವಯೋಲಾಗೆ ಎಲ್ಲವೂ ಹೊಳೆಯುತ್ತದೆ. ಇಲ್ಲಿ ಆ ಹುಡುಗನಟನ ಮುಖ ನೋಡಿ. ಗೆದ್ದ ಹೆಮ್ಮೆ ಅಲ್ಲಿಲ್ಲ. ಒಲಿವಿಯಾ ಕನಸೊಂದನ್ನು ಪ್ರೀತಿಸಿಬಿಟ್ಟಳಲ್ಲ ಎಂಬ ಮರುಕವಿದೆ. ವೇಷ ಎಂಬುದು ಎಷ್ಟು ಕೇಡು ಮಾಡಬಲ್ಲದೆಂದು ತನ್ನನ್ನೇ ಬೈದುಕೊಳ್ಳುತ್ತಾಳೆ. ಒಡೆಯ ಒಲಿವಿಯಾಳನ್ನು, ಒಲಿವಿಯಾ ತನ್ನನ್ನು, ತಾನು ಒಡೆಯನನ್ನು. ಈ ಗಂಟನ್ನು ಕಾಲವೇ ಬಿಡಿಸಬೇಕು ಎಂದು ಉಂಗುರ ಹಿಡಿದು ಹೋಗುತ್ತಾಳೆ.

ನಾಟಕದ ಎದೆ ಬಡಿಯುವುದು ಇದಾದ ಮೇಲಿನ ದೃಶ್ಯವೊಂದರಲ್ಲಿ. ಒರ್ಸಿನೋನ ಕೋಣೆ, ಒಂದು ಹಳೆಯ ಹಾಡು. ಹಾಡುವವನು ಒಲಿವಿಯಾಳ ಮನೆಯ ವಿದೂಷಕ ಫೆಸ್ಟೆ. ಒಳ್ಳೆಯ ಹಾಡುಗಾರನಾದ ರಾಬರ್ಟ್ ಆರ್ಮಿನ್ ಎಂಬ ನಟನಿಗಾಗಿಯೇ ಈ ಪಾತ್ರ ಬರೆದದ್ದೆಂದು ವಿದ್ವಾಂಸರ ಮಾತು. ಒರ್ಸಿನೋ ತನ್ನ ಸೇವಕನಿಗೆ ಸಂಸಾರದ ಬುದ್ಧಿ ಹೇಳುತ್ತಿದ್ದಾನೆ. ಹೆಣ್ಣು ತನಗಿಂತ ದೊಡ್ಡವನನ್ನು ಕಟ್ಟಿಕೊಳ್ಳಬೇಕು, ಯಾಕೆಂದರೆ ನಾವು ಗಂಡಸರು ಚಂಚಲ, ನಮ್ಮ ಆಸೆ ಬೇಗ ಹಳಸುತ್ತದೆ ಎನ್ನುತ್ತಾನೆ. ಒಂದು ಹಾಡು ಮುಗಿಯುವಷ್ಟರಲ್ಲಿ ಮಾತು ತಿರುವುಮುರುವು: ನನ್ನ ಪ್ರೀತಿಯಷ್ಟು ದೊಡ್ಡದನ್ನು ತಡೆದುಕೊಳ್ಳುವ ಶಕ್ತಿ ಯಾವ ಹೆಣ್ಣಿನ ಎದೆಗೂ ಇಲ್ಲ, ಅವರದು ನಾಲಿಗೆಯ ಚಪಲ ಎನ್ನುತ್ತಾನೆ. ಎರಡು ಹೇಳಿಕೆಗಳನ್ನೂ ಅವನು ಅಷ್ಟೇ ಗಟ್ಟಿಯಾಗಿ ನಂಬಿದ್ದಾನೆ. ಸಾಕ್ಷಿಯ ಮಾತಿನಲ್ಲಿ ವಿರೋಧ ಹಿಡಿಯುವುದನ್ನು ಕಲಿತ ಈ ಸಭೆ ಅದನ್ನು ಥಟ್ಟನೆ ಹಿಡಿಯಬೇಕಿತ್ತು. ಆದರೆ ಗಂಡಸು ಹೆಣ್ಣಿನ ಬಗ್ಗೆ ಎರಡು ನಾಲಿಗೆಯಲ್ಲಿ ಆಡುವುದು ಎಷ್ಟು ವಾಡಿಕೆ ಎಂದರೆ ಬೆಂಚುಗಳ ಮೇಲೆ ಯಾರೂ ಮಿಸುಕುವುದಿಲ್ಲ.

ಸೆಸಾರಿಯೋ ಮಿಸುಕುತ್ತಾನೆ. ಹೆಂಗಸರು ಗಂಡಸರನ್ನು ಎಷ್ಟು ಪ್ರೀತಿಸಬಲ್ಲರೆಂದು ನನಗೆ ಚೆನ್ನಾಗಿ ಗೊತ್ತು ಎಂದು ಬಾಯಿಬಿಟ್ಟು, ನನ್ನ ಅಪ್ಪನಿಗೊಬ್ಬ ಮಗಳಿದ್ದಳು ಎಂದು ಶುರುಮಾಡುತ್ತಾನೆ. ಆ ಮಗಳು ಒಬ್ಬನನ್ನು ಪ್ರೀತಿಸಿದಳು, ಹೇಳಲಿಲ್ಲ. ಹೇಳದೆ ಉಳಿದದ್ದು ಅವಳ ಬಣ್ಣವನ್ನು ಒಳಗಿನಿಂದ ತಿಂದಿತು. ಕಲ್ಲಿನ ಗೊಂಬೆಯ ಹಾಗೆ ಕೂತು ನೋವಿನ ಎದುರು ನಗುತ್ತಿದ್ದಳು. ಗಂಡಸರು ನಾವು ಹೆಚ್ಚು ಮಾತಾಡುತ್ತೇವೆ, ಆಣೆ ಇಡುತ್ತೇವೆ, ಪ್ರೀತಿ ಮಾತ್ರ ಅಷ್ಟಿರುವುದಿಲ್ಲ ಎಂದು ಹುಡುಗ ಮುಗಿಸುತ್ತಾನೆ. ಒರ್ಸಿನೋ ಕೇಳುತ್ತಾನೆ: ನಿನ್ನ ತಂಗಿ ಆ ಪ್ರೀತಿಯಿಂದ ಸತ್ತಳೇ?

ಈ ಪ್ರಶ್ನೆಗಾಗಿಯೇ ನಾನು ಈ ನಾಟಕವನ್ನು ಪ್ರೀತಿಸುತ್ತೇನೆ. ಇಲ್ಲಿಯವರೆಗೆ ತನ್ನ ಕೊರಗಿನಾಚೆ ಏನೂ ಕಾಣದಿದ್ದ ಗಂಡಸು ಮೊದಲ ಬಾರಿಗೆ ಇನ್ನೊಬ್ಬರ ನೋವಿನ ಬಗ್ಗೆ ತಿಳಿದುಕೊಳ್ಳಬೇಕು ಎಂದಿದ್ದಾನೆ. ಒಂದು ಹೆಣ್ಣಿನ ಕಥೆಯನ್ನು ಪೂರ್ತಿ ಕೇಳಿಸಿಕೊಂಡಿದ್ದಾನೆ. ಎದುರಿಗಿರುವುದು ಹುಡುಗಿ ಎಂದು ಗೊತ್ತಿದ್ದರೆ ಅವನು ಹೀಗೆ ಕೇಳುತ್ತಿದ್ದನೇ? ತನ್ನ ಪ್ರೇಮದ ವೇಷ ತೊಟ್ಟುಕೊಂಡು ಪದ್ಯ ಒಪ್ಪಿಸುತ್ತಿದ್ದ, ಅಷ್ಟೇ. ಗಂಡೆಂದು ನಂಬಿದ್ದರಿಂದ ಸಮಾನನ ಹಾಗೆ ಕೂರಿಸಿಕೊಂಡ, ವಾದಿಸಿದ, ಸೋತ. ಅವನ ಒಲವು ಒಲಿವಿಯಾಳಿಂದ ಇತ್ತ ಕಡೆ ಸರಿಯಲು ಶುರುವಾದದ್ದು ಇಲ್ಲೇ, ಅವನಿಗೇ ತಿಳಿಯದಂತೆ. ಅಪ್ಪನ ಮನೆಯ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಸದ್ಯ ನಾನೊಬ್ಬನೇ ಎಂದು ವಯೋಲಾ ಒಗಟಿನ ಹಾಗೆ ಉತ್ತರಿಸುತ್ತಾಳೆ. ನಿಮ್ಮ ಸುತ್ತ ಯಾರೂ ಕೆಮ್ಮುತ್ತಿಲ್ಲ.

ಆಮೇಲೆ ನಗುವಿನ ಪ್ರವಾಹ. ಒಲಿವಿಯಾಳ ಪಾರುಪತ್ಯಗಾರ ಮಾಲ್ವೋಲಿಯೋ, ಹಾಡು ಕೇಳಿದರೆ ಸಿಡುಕುವ, ಕುಡಿತ ಕಂಡರೆ ಗದರುವ ಒಣ ಶಿಸ್ತಿನವನು. ಅವನನ್ನು ಪಳಗಿಸಲು ಒಲಿವಿಯಾಳ ಸಖಿ ಮರಿಯಾ ಒಡತಿಯ ಕೈಬರಹದಲ್ಲಿ ಪ್ರೇಮಪತ್ರ ಬರೆದು ದಾರಿಯಲ್ಲಿ ಹಾಕುತ್ತಾಳೆ. ಅದು ಸಿಗುವ ಮುಂಚೆಯೇ ಅವನು ಹಗಲುಗನಸಿನಲ್ಲಿದ್ದಾನೆ: ಒಲಿವಿಯಾಳನ್ನು ಮದುವೆಯಾಗಿ ಮೂರು ತಿಂಗಳು, ಮೈಮೇಲೆ ಮಖಮಲ್ ನಿಲುವಂಗಿ, ಸರ್ ಟೋಬಿ ಬಂದು ತಲೆಬಾಗುತ್ತಾನೆ, ಕುಡಿತ ಬಿಡು ಎಂದು ತಾನು ಅಪ್ಪಣೆ ಕೊಡುತ್ತಾನೆ. ಆ ಕನಸಿನಲ್ಲಿ ಒಲಿವಿಯಾ ಎಲ್ಲಿ? ಒಳಗೆ ಮಲಗಿದ್ದಾಳೆ. ಅವಳ ಮುಖವಾಗಲಿ ಮಾತಾಗಲಿ ಅಲ್ಲಿಲ್ಲ. ಅವನು ಮೋಹಿಸಿರುವುದು ಅವಳ ಕುರ್ಚಿಯನ್ನು. ಪತ್ರದಲ್ಲಿ ಹೇಳಿದಂತೆ ಹಳದಿ ಕಾಲುಚೀಲ ಏರಿಸಿ, ಅಡ್ಡಪಟ್ಟಿ ಬಿಗಿದು, ಹಲ್ಲುಕಿರಿಯುತ್ತ ಒಡತಿಯ ಮುಂದೆ ಅವನು ಬಂದಾಗ ಮ್ಯಾನಿಂಗ್‌ಹ್ಯಾಮ್ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ನಾಟಕದ ಬಗ್ಗೆ ಅವನು ಬರೆದ ಟಿಪ್ಪಣಿಯಲ್ಲಿ ಅತಿ ಹೆಚ್ಚು ಜಾಗ ಸಿಗುವುದು ಈ ತಂತ್ರಕ್ಕೇ. ಒಡತಿ ಇವನಿಗೆ ಹುಚ್ಚೆಂದು ತಿಳಿಯುತ್ತಾಳೆ, ಇವನನ್ನು ಕತ್ತಲ ಕೋಣೆಗೆ ತಳ್ಳುತ್ತಾರೆ. ಒಳಗಿನಿಂದ ಅವನ ಬೇಡಿಕೆಯ ದನಿ ಬರತೊಡಗಿದ ಮೇಲೂ ಸಭಾಂಗಣ ನಗುತ್ತದೆ, ಆದರೆ ನಗು ತೆಳ್ಳಗಾಗಿದೆ. ಅಂತಸ್ತಿನ ಗೆರೆ ದಾಟಿದ್ದಕ್ಕೆ ಈ ಶಿಕ್ಷೆ ಎನ್ನುವಂತಿಲ್ಲ. ಪತ್ರ ಬರೆದ ಮರಿಯಾಳೂ ತನಗಿಂತ ಮೇಲಿನ ಸರ್ ಟೋಬಿಯನ್ನು ಮದುವೆಯಾಗುತ್ತಾಳೆ. ಪ್ರೀತಿಯ ಹೆಸರಿನಲ್ಲಿ ಅಧಿಕಾರ ಬಯಸಿದ್ದೇ ಅವನ ತಪ್ಪು. ಶಿಕ್ಷೆ ಮಾತ್ರ ತಪ್ಪಿಗಿಂತ ದೊಡ್ಡದು.

ಇನ್ನೊಂದು ಕಡೆ ಕತ್ತಿವರಸೆಯ ಸಿದ್ಧತೆ. ಒಲಿವಿಯಾಳ ಆಸೆಯಲ್ಲಿ ದುಡ್ಡು ಕಳೆಯುತ್ತಿರುವ ಪುಕ್ಕಲ ಸರ್ ಆಂಡ್ರ್ಯೂನನ್ನು ಸೆಸಾರಿಯೋನ ಮೇಲೆ ಎತ್ತಿಕಟ್ಟಿದ್ದಾರೆ. ಗಟ್ಟಿಯಾಗಿ ಆಣೆ ಹಾಕು, ದನಿ ಜೋರಾಗಿರಲಿ, ನಿಜವಾದ ಪರಾಕ್ರಮಕ್ಕಿಂತ ಅಬ್ಬರವೇ ಗಂಡಸೆಂಬ ಹೆಸರು ತರುತ್ತದೆ ಎಂದು ಟೋಬಿ ಹೇಳಿಕೊಡುತ್ತಾನೆ. ಇಬ್ಬರ ಕಿವಿಯಲ್ಲೂ ಎದುರಾಳಿ ರಾಕ್ಷಸನೆಂದು ಊದುತ್ತಾನೆ. ಈಗ ನೋಡಿ: ಹುಟ್ಟಿನಿಂದ ಗಂಡಸಾದವನೊಬ್ಬ, ಅಂಗಿಯಿಂದ ಗಂಡಸಾದವಳೊಬ್ಬಳು, ಇಬ್ಬರ ಕತ್ತಿಯೂ ಒಂದೇ ಸಮನೆ ನಡುಗುತ್ತಿದೆ. ಗಂಡಸುತನ ಕೂಡ ಹೇಳಿಕೊಟ್ಟು ಕಲಿಸುವ ಪಾಠ, ಅದರಲ್ಲೂ ಫೇಲಾಗುವವರಿದ್ದಾರೆ ಎಂದು ಇದಕ್ಕಿಂತ ಸ್ಪಷ್ಟವಾಗಿ ತೋರಿಸಲು ಸಾಧ್ಯವೇ? ಸೊಂಟದಲ್ಲಿ ಕತ್ತಿ ಸಿಕ್ಕಿಸಿಕೊಂಡು ಊರಲ್ಲಿ ಮೆರೆಯುವ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಹೆಚ್ಚೇ ನಗುತ್ತಾರೆ.

ಸೆಸಾರಿಯೋನನ್ನು ಸೆಬಾಸ್ಟಿಯನ್ ಎಂದೇ ತಿಳಿದು ಜಗಳ ಬಿಡಿಸಲು ನುಗ್ಗುವವನು ಆಂಟೋನಿಯೋ ಎಂಬ ನಾವಿಕ. ಸೆಬಾಸ್ಟಿಯನ್ ಸತ್ತಿಲ್ಲ, ಅವನನ್ನು ಸಮುದ್ರದಿಂದ ಎತ್ತಿ ಬದುಕಿಸಿದವನೇ ಇವನು. ಇಲಿರಿಯಾದಲ್ಲಿ ಸಿಕ್ಕಿಬಿದ್ದರೆ ಸೆರೆ ಖಂಡಿತ ಎಂದು ಗೊತ್ತಿದ್ದೂ ಆ ಹುಡುಗನನ್ನು ಬಿಟ್ಟಿರಲಾರದೆ ಹಿಂದೆ ಬಂದಿದ್ದಾನೆ, ತನ್ನ ಹಣದ ಚೀಲವನ್ನೇ ಕೊಟ್ಟಿದ್ದಾನೆ. ನಾಟಕದಲ್ಲಿ ಯಾರೂ ಇವನಷ್ಟು ನೇರವಾಗಿ ಪ್ರೀತಿಗಾಗಿ ಪ್ರಾಣ ಒಡ್ಡುವುದಿಲ್ಲ. ಕೊನೆಯಲ್ಲಿ ಜೋಡಿಗಳೆಲ್ಲ ಕೂಡಿದಾಗ ಆಂಟೋನಿಯೋಗೆ ಕೈಹಿಡಿಯುವವರಿಲ್ಲ, ಅವನಿಗೆ ಹೇಳಲು ಒಂದು ಮಾತೂ ಉಳಿದಿಲ್ಲ. ಹಬ್ಬದ ಗದ್ದಲದಲ್ಲೂ ಅವನನ್ನು ಹುಡುಕಿ ನೋಡಿ. ಮರದ ಗೋಡೆಯ ಪಕ್ಕದಲ್ಲಿ ನಿಂತಿದ್ದಾನೆ.

ಕೊನೆಯ ಅಂಕ. ಅಷ್ಟರಲ್ಲಿ ಒಲಿವಿಯಾ ಸೆಬಾಸ್ಟಿಯನ್‌ನನ್ನು ಸೆಸಾರಿಯೋ ಎಂದು ತಿಳಿದು ಪಾದ್ರಿಯನ್ನು ಕರೆಸಿ ಕೈಹಿಡಿದಾಗಿದೆ. ಕರೆದವಳು ಅವಳು, ಹಿಂದೆ ಹೋದವನು ಅವನು. ಇದಿನ್ನೂ ತಿಳಿಯದ ಒರ್ಸಿನೋ, ಒಲಿವಿಯಾಳ ಒಲವು ಸೆಸಾರಿಯೋನ ಮೇಲೆಂದು ಕಂಡು ಕೆರಳುತ್ತಾನೆ. ತನಗೆ ಸಿಗದವಳನ್ನು ನೋಯಿಸಲು ತಾನು ಮೆಚ್ಚಿದ ಸೆಸಾರಿಯೋನನ್ನೇ ಕೊಲ್ಲುತ್ತೇನೆ ಎನ್ನುತ್ತಾನೆ. ವಯೋಲಾ ನಗುತ್ತಲೇ ಸಾಯಲು ಹೊರಡುತ್ತಾಳೆ. ಹಾಸ್ಯ ನಾಟಕ ಇಲ್ಲಿ ತನ್ನ ಹರಿತವಾದ ಅಂಚನ್ನು ತೋರಿಸುತ್ತದೆ. ಗಂಡಿನ ಕೋಪವೂ ಹೆಣ್ಣಿನ ಬಲಿದಾನವೂ ಹಳೆಯ ಪಾತ್ರಗಳು. ಅಂಗಿ ಬದಲಿಸಿದ ಮಾತ್ರಕ್ಕೆ ಅವು ಬಿಟ್ಟುಹೋಗಿಲ್ಲ.

ಆಗ ಇನ್ನೊಂದು ಬಾಗಿಲಿನಿಂದ ಸೆಬಾಸ್ಟಿಯನ್ ಬರುತ್ತಾನೆ. ಅದೇ ಬಟ್ಟೆ, ಅದೇ ನಿಲುವು. ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ. ಅಪ್ಪನ ಹಣೆಯ ಮೇಲಿನ ಮಚ್ಚೆ, ಅಪ್ಪ ಸತ್ತ ದಿನ ವಯೋಲಾಗೆ ತುಂಬಿದ ಹದಿಮೂರು ವರ್ಷ, ಹೀಗೆ ಒಂದೊಂದೇ ಸಾಕ್ಷಿ ಇಟ್ಟು ಗುರುತು ಹಿಡಿಯುತ್ತಾರೆ. ಇಲ್ಲಿ ನಿಮ್ಮ ಗಂಟಲು ಕಟ್ಟಿದರೆ ಅದಕ್ಕೆ ಕಾರಣವಿದೆ. ನಾಟಕ ಬರೆದವನಿಗೆ ಅವಳಿಗಳಿದ್ದರು, ಹ್ಯಾಮ್ನೆಟ್ ಮತ್ತು ಜೂಡಿತ್. ಸ್ಟ್ರಾಟ್‌ಫರ್ಡ್‌ನ ಚರ್ಚಿನಲ್ಲಿ ಅವರಿಗೆ ಹೆಸರಿಟ್ಟದ್ದು 1585ರ ಫೆಬ್ರವರಿ 2ರಂದು, ಇದೇ ದೀಪದ ಹಬ್ಬದ ದಿನ. ಹ್ಯಾಮ್ನೆಟ್ 1596ರ ಆಗಸ್ಟಿನಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ ತೀರಿಹೋದ. ಜೂಡಿತ್‌ಗೆ ಈಗ ಹದಿನೇಳು. ಅವಳಿಯನ್ನು ಕಳೆದುಕೊಂಡ ಹುಡುಗಿ ಗಂಡಿನ ಬಟ್ಟೆ ತೊಟ್ಟು, ಸೋದರನ ಮುಖವನ್ನೇ ತನ್ನ ಮೈಮೇಲೆ ಹೊತ್ತು ತಿರುಗಿ, ಕೊನೆಗೆ ಅವನನ್ನು ಮರಳಿ ಪಡೆಯುವ ಕಥೆಯನ್ನು ಆ ತಂದೆ ಬರೆದಿದ್ದಾನೆ.

ಗುಟ್ಟು ಬಯಲಾಯಿತು. ಇನ್ನು ವಯೋಲಾ ಹೆಣ್ಣುಡುಗೆ ತೊಟ್ಟು ಬರಬೇಕು, ಮದುವೆ ನಡೆಯಬೇಕು. ಹಾಸ್ಯ ನಾಟಕದ ವಾಡಿಕೆ ಅದು. ಆದರೆ ಬಟ್ಟೆ ಇಲ್ಲ. ಅದನ್ನಿಟ್ಟುಕೊಂಡ ಕ್ಯಾಪ್ಟನ್ ಯಾವುದೋ ವ್ಯಾಜ್ಯದಲ್ಲಿ ಸೆರೆಮನೆಯಲ್ಲಿದ್ದಾನೆ. ದಾವೆ ಹೂಡಿದವನು ಮಾಲ್ವೋಲಿಯೋ. ಆ ಮಾಲ್ವೋಲಿಯೋ ಕತ್ತಲ ಕೋಣೆಯಿಂದ ಹೊರಬಂದು, ಎಲ್ಲರ ಮೇಲೂ ಸೇಡು ತೀರಿಸಿಕೊಳ್ಳುತ್ತೇನೆ ಎಂದು ಹೊರಟುಹೋಗುತ್ತಾನೆ. ಅವನನ್ನು ಸಮಾಧಾನಪಡಿಸದೆ ಬಟ್ಟೆ ಬರುವುದಿಲ್ಲ, ಅವನು ಬರುವ ಲಕ್ಷಣವಿಲ್ಲ. ಒರ್ಸಿನೋ ಇದ್ದಂತೆಯೇ ಅವಳ ಕೈ ಹಿಡಿಯುತ್ತಾನೆ. ಸೆಸಾರಿಯೋ ಬಾ ಎಂದೇ ಕರೆಯುತ್ತಾನೆ. ನೀನು ಗಂಡಾಗಿರುವವರೆಗೆ ಅದೇ ಹೆಸರು ಎನ್ನುತ್ತಾನೆ. ಗಂಡಿನ ಅಂಗಿಯಲ್ಲಿರುವ ಹುಡುಗಿಯನ್ನು ಗಂಡಸೊಬ್ಬ ಎಲ್ಲರೆದುರು ಹೆಂಡತಿಯೆಂದು ಒಪ್ಪಿಕೊಂಡು ಹೋಗುತ್ತಾನೆ. ಮೂರು ತಿಂಗಳ ಮಾತುಕತೆಯಲ್ಲಿ ಅವನು ಅರಿತ ಜೀವ ಅದು. ಅಂಗಿ ಯಾವುದಾದರೂ ಜೀವ ಅದೇ. ಒಡೆಯನ ಚಂಚಲತೆಯನ್ನು ಕಂಡ ನಮಗೆ ಅವನ ಮೇಲೆ ಪೂರ್ತಿ ನಂಬಿಕೆ ಬರದಿರಬಹುದು. ಅವಳನ್ನು ಕೇಳಿಸಿಕೊಂಡಿದ್ದಾನೆ ಎಂಬುದೊಂದೇ ಅವನ ಪರವಾದ ಸಾಕ್ಷಿ, ಮತ್ತು ಅದು ಸಣ್ಣದಲ್ಲ.

ಫೆಸ್ಟೆ ಒಬ್ಬನೇ ಉಳಿದು ಗಾಳಿಮಳೆಯ ಹಾಡು ಹಾಡುತ್ತಾನೆ. ಚಪ್ಪಾಳೆ, ಬೆಂಚುಗಳ ಸದ್ದು. ಮ್ಯಾನಿಂಗ್‌ಹ್ಯಾಮ್ ಕೋಣೆಗೆ ಹೋಗಿ ಬರೆಯುತ್ತಾನೆ: ಹಳೆಯ ರೋಮಿನ ಪ್ಲಾಟಸ್‌ನ ಅವಳಿಗಳ ನಾಟಕದ ಹಾಗಿತ್ತು, ಇಟಲಿಯ ಒಂದು ನಾಟಕಕ್ಕೆ ಇನ್ನೂ ಹತ್ತಿರ, ಪಾರುಪತ್ಯಗಾರನಿಗೆ ಕಳ್ಳಪತ್ರ ಬರೆದ ಉಪಾಯ ಚೆನ್ನಾಗಿತ್ತು. ವಯೋಲಾಳ ಬಗ್ಗೆ ಒಂದು ಅಕ್ಷರವಿಲ್ಲ. ಆ ಪಾತ್ರ ಮಾಡಿದ ಹುಡುಗನ ಹೆಸರೂ ಇಲ್ಲ. ಇಡೀ ರಾತ್ರಿ ಅತ್ಯಂತ ಚೆನ್ನಾಗಿ ವಾದಿಸಿದವಳು ದಾಖಲೆಯಿಂದ ಹೊರಗೆ ಉಳಿದಳು.

ಅದೇ ಸಂಸ್ಥೆಗೆ ಮೊದಲ ಹೆಣ್ಣು ವಿದ್ಯಾರ್ಥಿಯಾಗಿ ಹೆಲೆನಾ ನಾರ್ಮಂಟನ್ ಸೇರಿದ್ದು 1919ರ ಡಿಸೆಂಬರ್ 24ರಂದು, ಕಾನೂನು ಬಾಗಿಲು ತೆರೆದ ಮರುದಿನವೇ. ವಯೋಲಾ ಆ ಸಭಾಂಗಣದಲ್ಲಿ ಗಂಡಿನ ಅಂಗಿ ತೊಟ್ಟು ಇನ್ನೊಬ್ಬರ ಪರವಾಗಿ ಮಾತಾಡಿದ ಮೇಲೆ, ಹೆಣ್ಣೊಬ್ಬಳು ತನ್ನ ಹೆಸರಿನಲ್ಲೇ ಅಲ್ಲಿ ವಾದ ಕಲಿಯಲು 317 ವರ್ಷ ಹಿಡಿಯಿತು. ನಾಟಕದ ಸಂತೋಷ ನಿಜವಾದದ್ದು; ಆದರೆ ಅದಕ್ಕೆ ವಯೋಲಾ ತೆತ್ತ ಬೆಲೆಯೂ ನಿಜ. ಪ್ರೀತಿಗೆ ಬೇಕಾದ್ದು ಎರಡೇ: ಮನಸ್ಸಿನಲ್ಲಿದ್ದುದನ್ನು ಹೇಳುವ ಸ್ವಾತಂತ್ರ್ಯ, ಹೇಳಿದ್ದನ್ನು ಸಮಾನರಾಗಿ ಕೇಳುವ ಕಿವಿ. ಇಲಿರಿಯಾ ಅವನ್ನು ಅವಳಿಗೆ ಕೊಟ್ಟಿತು, ಸೆಸಾರಿಯೋ ಆಗಿರುವವರೆಗೆ. ವಯೋಲಾ ಆಗಿಯೂ ಅವು ಅವಳಿಗೆ ಸಿಗಬೇಕೆಂದು ಬಯಸುವವರೆಲ್ಲ ಈ ನಾಟಕವನ್ನು ಇನ್ನೂ ಆಡಬೇಕು, ನೋಡಬೇಕು, ಮನೆಗೆ ಹೋದ ಮೇಲೆ ಅದರ ಬಗ್ಗೆ ಜಗಳವಾಡಬೇಕು.